ನಾನು ಬಿತ್ತಿದ ಝಿನಿಯಾ

'ನನಗೆ ಗೊತ್ತಿಲ್ಲ' ಎಂಬ ಎರಡು ಶಬ್ದಗಳನ್ನು ಹೊತ್ತಿಗೆ ಸರಿಯಾಗಿ ಆಡಲು ಬರುವವರು ಪುಣ್ಯವಂತರು. ನನಗೆ ಅದು ಬರುವುದಿಲ್ಲ. ಮೊದಲ ಸಲ ಹೋದ ಊರಿನಲ್ಲೂ ಯಾರಾದರೂ ದಾರಿ ಕೇಳಿದರೆ ಕೈ ಮಾಡಿ ತೋರಿಸಿಬಿಡುವ ಪೈಕಿ ನಾನು. ಇಪ್ಪತ್ತೆರಡು ವರ್ಷಗಳಿಂದ ಅಕ್ಕಲಕೋಟೆಯ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಸೊಲ್ಲಾಪುರದ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೀಜ ಮೊಳೆಯುವ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲೆ. ಹೀಗಾಗಿ, ಹನ್ನೂರಿನ ನನ್ನ ಸೋದರತ್ತೆ ಗಂಗವ್ವ ಕಳೆದ ಬೇಸಿಗೆಯಲ್ಲಿ ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟು, "ಹೆಂಗ ಹಾಕೂದು ಗೊತ್ತೈತಿಲ್ಲೋ ಶಿವು?" ಎಂದು ಕೇಳಿದಾಗ ನನಗೆ ನಗು ಬಂತು. "ಅತ್ತಿ, ಸಾಲ್ಯಾಗ ನಾ ಅದನ್ನ ಕಲಸ್ತೀನಿ" ಎಂದೆ.

ಪೊಟ್ಟಣದಲ್ಲಿದ್ದದ್ದು ಒಣಗಿದ ಝಿನಿಯಾ ಹೂಗಳು. ಝಿನಿಯಾ ಎಂಬುದು ನನ್ನ ಬಾಯಲ್ಲಿ ಬರುವ ಹೆಸರು. ಅತ್ತೆಗೆ ಅದು ಬರೀ ಅಂಗಳದ ಹೂವು. ಮದುವೆಯಾಗಿ ಹನ್ನೂರಿಗೆ ಬಂದ ವರ್ಷ ಯಾರೋ ಕೊಟ್ಟ ಒಂದು ಚಿಟಿಕೆ ಬೀಜವನ್ನು ಬಿತ್ತಿದವಳು, ಅಂದಿನಿಂದ ಪ್ರತಿ ಮಳೆಗಾಲ ಬೆಳೆಸಿ, ಬೀಜ ಹಿಡಿದು, ಮತ್ತೆ ಬಿತ್ತುತ್ತ ಬಂದಿದ್ದಾಳೆ. ಮಾವಿನಹಣ್ಣಿನ ಒಳಗಿನ ಬಣ್ಣ, ನಡುವೆ ಕುಂಕುಮದ ಉಂಗುರ. ನಮ್ಮ ಬಿಸಿಲಿಗೆ ಗುಲಾಬಿ ತಲೆ ಬಗ್ಗಿಸಿದರೆ ಈ ಹೂವು ಇನ್ನಷ್ಟು ನೆಟ್ಟಗೆ ನಿಲ್ಲುತ್ತದೆ, ಥೇಟ್ ನಮ್ಮತ್ತೆಯ ಹಾಗೆ.

ಮೃಗಶಿರಾ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಾನು ಹೂಗಳನ್ನು ಅಂಗೈಯಲ್ಲಿ ತಿಕ್ಕಿದೆ. ಎರಡು ಬಗೆಯ ಪದಾರ್ಥ ಉದುರಿತು. ಒಂದು, ಸುರುಟಿಕೊಂಡ ಎಸಳುಗಳು. ಅವುಗಳ ಬುಡದಲ್ಲಿ ಬಾಣದ ತುದಿಯಂಥ ಚಪ್ಪಟೆ ಬಾಲ. ಇನ್ನೊಂದು, ಹೂವಿನ ತೊಟ್ಟಿನ ಬಳಿಯಿಂದ ಬಿದ್ದ ದುಂಡನೆಯ, ಕಪ್ಪಂಚಿನ ಚಿಕ್ಕ ಚೂರುಗಳು. ಬೀಜವೆಂದರೆ ದುಂಡಗೆ, ಕಪ್ಪಗೆ ಇರಬೇಕಲ್ಲ. ಚೂರುಗಳನ್ನು ಬಟ್ಟಲಲ್ಲಿ ಉಳಿಸಿಕೊಂಡು ಎಸಳುಗಳನ್ನೆಲ್ಲ ಊದಿ ಕೆಳಗೆ ಬೀಳಿಸಿದೆ. ಆ ಕಸವನ್ನು ಗುಡಿಸಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಂಪೌಂಡ್ ಗೋಡೆಯ ಬುಡದಲ್ಲಿ ಮಳೆನೀರು ಹೋಗಲು ಬಿಟ್ಟ ಕಂಡಿಯಿಂದ ಪಕ್ಕದ ಮನೆಗೆ ದಾಟಿಸಿದೆ. ಇದು ನನ್ನ ಹಳೆಯ ಚಟ. ಆ ಮನೆಯ ಮರಾಠಿ ಹೆಂಗಸು ಸುಮನ ಕಾಕು ಎರಡು ಸಲ ಕೇಳಿಯೂ ಆಗಿತ್ತು. "ಗುರುಜಿ, ನಿಮ್ಮ ಕಚರಾ ನಮ್ಮ ಕಡೆ ಹೆಂಗ ಬರ್ತದ್ರಿ?" ಅವರಿಗೆ ನಾನು, "ಗಾಳಿ ಕಾಕು, ಸೊಲ್ಲಾಪುರದ ಗಾಳಿ" ಎಂದು ಭೂಗೋಳ ಹೇಳಿ ಕಳಿಸಿದ್ದೆ.

ವಾರದೊಳಗೆ ನನ್ನ ಪಾತಿಯಲ್ಲಿ ಹಸಿರು ಕಾಣಿಸಿತು. ಬಿದಿರಿನ ಕಡ್ಡಿ ನೆಟ್ಟೆ, ದಾರ ಕಟ್ಟಿದೆ, ಶಾಲೆಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ಎತ್ತರ ನೋಡಿದೆ. ನನ್ನ ಹೆಂಡತಿ ಶೈಲಜಾ ಒಂದು ದಿನ ಬಗ್ಗಿ ನೋಡಿ, "ಇದು ಮಳಿಗೆ ತಾನ ಹುಟ್ಟಿದ ರಾಜಗಿರಿ ಅದರಿ. ಪಲ್ಯ ಛಲೋ ಆಗ್ತದ" ಎಂದಳು. ನಾನು ಎಳೆಯ ಸಸಿಗಳೆಲ್ಲ ನೋಡಲು ಒಂದೇ ರೀತಿ ಇರುತ್ತವೆಂದು ವಿವರಿಸಿದೆ. ಮತ್ತೆ ಹತ್ತು ದಿನ ಬಿಟ್ಟು, ನಾನು ಶಾಲೆಯಿಂದ ಬರುವಷ್ಟರಲ್ಲಿ, ನನ್ನ ಝಿನಿಯಾ ತೋಟ ಬಳ್ಳೊಳ್ಳಿ ಒಗ್ಗರಣೆಯೊಂದಿಗೆ ಜೋಳದ ಭಕ್ಕರಿಯ ಪಕ್ಕದಲ್ಲಿತ್ತು. ಪಲ್ಯ ನಿಜವಾಗಿಯೂ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಬೇಸರ ತಂದದ್ದು.

ಬರೀ ಪಲ್ಯಕ್ಕೆ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆಗಸ್ಟಿನಲ್ಲಿ ಅತ್ತೆಯ ಫೋನು ಬಂತು. "ಶಿವು, ಈ ವರ್ಷ ನನ್ನ ಅಂಗಳದಾಗ ಒಂದೂ ಹುಟ್ಟಲಿಲ್ಲ ನೋಡು. ಕೋಳಿ ಕೆದರಿ ತಿಂದ್ವು. ನಿನ್ನ ಕಡೆ ಅದಾವಂತ ಧೈರ್ಯ ಐತಿ. ಬೀಜಕ್ಕ ಬರ್ತೀನಿ." ನಾನು "ಬಾ ಅತ್ತಿ" ಎಂದೆ. ಬೇರೆ ಏನು ಹೇಳಲಿ? ಅಷ್ಟು ವರ್ಷ ಒಂದು ಮಳೆಗಾಲವೂ ತಪ್ಪದೆ ಬಂದ ಹೂವು ನನ್ನ ಅಂಗೈಯಲ್ಲಿ ಕೊನೆಗೊಂಡಿತ್ತು. ಸೊಲ್ಲಾಪುರದ ಅಂಗಡಿಯಿಂದ ಬೀಜದ ಪಾಕೀಟು ತಂದು ಕೊಟ್ಟರೆ ಹೇಗೆ ಎಂದೂ ಯೋಚಿಸಿದೆ. ಆದರೆ ಆ ಮಾವಿನ ಬಣ್ಣವನ್ನು ಯಾವ ಪಾಕೀಟು ಕೊಟ್ಟೀತು? ಮೂರು ದಿನ ಊಟ ಸೇರಲಿಲ್ಲ. ಶೈಲಜಾ, "ನಿಜ ಹೇಳಿಬಿಡ್ರಿ, ಅತ್ತ್ಯಾರು ಏನ್ ಹೊಡಿಯೂದಿಲ್ಲ" ಎಂದಳು. ಹೊಡೆದರೆ ಒಳ್ಳೆಯದೇ ಇತ್ತು. ಆಕೆ ಸುಮ್ಮನೆ ಕೂತರೆ ಏನು ಮಾಡುವುದು ಎಂಬುದು ನನ್ನ ಚಿಂತೆ.

ನಾಲ್ಕನೆಯ ದಿನ ಬಟ್ಟೆ ಒಣಗಿಸಲು ಮಾಳಿಗೆ ಹತ್ತಿದ ಶೈಲಜಾ ನನ್ನನ್ನು ಮೇಲೆ ಕರೆದಳು. ಕೆಳಗೆ, ಸುಮನ ಕಾಕು ಅವರ ಹಿತ್ತಲಲ್ಲಿ, ನಮ್ಮ ಗೋಡೆಗೆ ಅಂಟಿಕೊಂಡೇ, ಸೊಂಟದೆತ್ತರಕ್ಕೆ ಮಾವಿನ ಬಣ್ಣದ ಸಾಲು ನಿಂತಿತ್ತು. ಪ್ರತಿ ಹೂವಿನ ನಡುವೆ ಕುಂಕುಮದ ಉಂಗುರ. ನನಗೆ ಕುಣಿಯಬೇಕೆನ್ನಿಸಿತು. ಆದರೆ ಆ ಹೂಗಳು ನಮ್ಮವು ಎನ್ನಬೇಕಾದರೆ ಆ ಕಸ ನಮ್ಮದು ಎಂದೂ ಒಪ್ಪಬೇಕಿತ್ತು.

ಅಂಗಿ ಹಾಕಿಕೊಂಡು ಹೋಗಿ ಕಾಕು ಅವರ ಬಾಗಿಲಲ್ಲಿ ನಿಂತೆ. "ಕಾಕು, ಆ ಹೂವಿನ ಬೀಜ ನಮ್ಮ ಮನಿವು. ಮತ್ತ... ಅವು ಗಾಳಿಗೆ ಬಂದಿದ್ದಿಲ್ರಿ."

"ಮಾಹೀತ ಆಹೇ, ಗುರುಜಿ" ಎಂದರು ಕಾಕು, ಗೊತ್ತಿದ್ದ ಸಂಗತಿಗೆ ಮರಾಠಿಯೇ ಸಾಕು ಎಂಬಂತೆ. ಆಮೇಲೆ ನನಗಾಗಿ ಕನ್ನಡಕ್ಕೆ ಇಳಿದರು. "ನೀವು ಕಸಬರಿಗಿ ಹಿಡಕೊಂಡು ಆಕಡಿ ಈಕಡಿ ನೋಡೂದು ನಮ್ಮ ಅಡಗಿಮನಿ ಖಿಡಕಿಯಿಂದ ಛಂದ ಕಾಣ್ತದ್ರಿ. ಆ ದಿವಸ ಬೈಬೇಕಂತನ ಹೊರಗ ಬಂದಿದ್ದೆ. ಕಚರಾದಾಗ ಎಸಳಿನ ಬುಡಕ್ಕ ಬೀಜ ಕಂಡ್ವು. ಮಣ್ಣು ಎಳದು ಮುಚ್ಚಿದೆ." ಒಳಗೆ ಕರೆದು ಚಹಾ ಕೊಟ್ಟರು. ಅಷ್ಟು ಸಿಹಿಯಾದ ಚಹಾವನ್ನು ಅಷ್ಟು ತಲೆ ತಗ್ಗಿಸಿ ನಾನು ಎಂದೂ ಕುಡಿದಿಲ್ಲ.

ದಸರೆಗೆ ಮುಂಚೆ ಅತ್ತೆ ಬಂದಳು. ನಾನು ಎಲ್ಲವನ್ನೂ ಹೇಳಿದೆ, ಪಲ್ಯವನ್ನೂ ಬಿಡದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ನೇರ ಕಾಕು ಅವರ ಹಿತ್ತಲಿಗೆ ನಡೆದಳು. ಅತ್ತೆಗೆ ಮರಾಠಿ ಅಷ್ಟಕ್ಕಷ್ಟೆ, ಕಾಕು ಅವರ ಕನ್ನಡ ಅರ್ಧ; ಸಂಜೆಯ ತನಕ ಇಬ್ಬರ ಮಾತು ಮುಗಿಯಲಿಲ್ಲ. ಹೊರಡುವಾಗ ಬೀಜ ಮೂರು ಪಾಲಾಯಿತು: ಒಂದು ಹನ್ನೂರಿಗೆ, ಒಂದು ಕಾಕುಗೆ, ಒಂದು ಶೈಲಜಾಗೆ. ನಾನು ಕೈ ಚಾಚಿದಾಗ ಅತ್ತೆ ಚೀಲದ ತಳದಿಂದ ಆರು ಕುಂಬಳ ಬೀಜ ತೆಗೆದುಕೊಟ್ಟಳು. "ಇವು ದೊಡ್ಡೂ ಅದಾವ. ನಿನಗ ಇವನ್ನ ಹಾಕೂದು ಹಗುರ ಆಗ್ತೈತಿ."

ಮರುದಿನವೇ ಕುಣಿ ತೋಡಿ ಹಾಕಿದೆ. ಆರೂ ಹುಟ್ಟಿದವು, ಒಂದೂ ಸುಳ್ಳಾಗಲಿಲ್ಲ. ಹೆಮ್ಮೆಯಿಂದ ಫೋಟೋ ತೆಗೆದು ಹನ್ನೂರಿಗೆ ಕಳಿಸಿದೆ. ಅತ್ತೆ ಕೂಡಲೇ ಫೋನು ಮಾಡಿ, "ಭಾಳ ಛಲೋ ಬಂದಾವ" ಎಂದಳು. ಆಮೇಲೆ ಕೇಳಿದಳು, "ಆದ್ರ ಆರೂ ಒಂದ ಕುಣ್ಯಾಗ ಯಾಕ ಹಾಕೀಯೋ, ಮಾಸ್ತರಾ?"

ಅದಕ್ಕೊಂದು ವೈಜ್ಞಾನಿಕ ಕಾರಣ ಹೇಳಿದ್ದೇನೆ. ಏನು ಹೇಳಿದೆನೆಂದು ದಯವಿಟ್ಟು ಕೇಳಬೇಡಿ.