ಎರಡು ಆಂಪ್ಲಿಫೈಯರು, ಒಂದು ಅನುಮಾನ

ನನ್ನಂಥ ಅನುಮಾನದ ಪ್ರಾಣಿಗೆ ಇಂಥವು ಆಗುತ್ತಲೇ ಇರುತ್ತವೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಅದು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿಯೇ ಕೂರುವವನು ನಾನು. ವೈಟುಕೆ ಗದ್ದಲದ ಆ ವರ್ಷ ಕಂಪನಿಯವರು ಇಂಥವನನ್ನೇ ಹುಡುಕಿ ಜಪಾನಿಗೆ ಕಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದರು. ತೊಂಬತ್ತೊಂಬತ್ತರ ಮುಂದೆ ಸೊನ್ನೆ ಬಂದರೆ ಕಂಪ್ಯೂಟರು ನೂರು ವರ್ಷ ಹಿಂದಕ್ಕೆ ಹೋದೀತು ಎಂದು ಎಲ್ಲರಿಗೂ ಭಯ. ಕಂಡ ಕಂಡ ತಾರೀಕನ್ನೆಲ್ಲ ಅನುಮಾನದಿಂದ ನೋಡುವುದು ನನ್ನ ಕೆಲಸ. ಊರಲ್ಲಿ ಬೈಸಿಕೊಳ್ಳುತ್ತಿದ್ದ ಗುಣಕ್ಕೆ ಟೋಕಿಯೋದಲ್ಲಿ ಸಂಬಳ ಕೊಡುತ್ತಿದ್ದರು.

ಓಜಿಮಾದ ಹೌಸಿಂಗ್ ಕಾಲೊನಿಯ ಮೂರನೇ ಮಹಡಿಯಲ್ಲಿ ನಾನೂ ನನ್ನ ಟೀಮಿನ ಮೈಸೂರಿನವನೊಬ್ಬನೂ ಒಂದು ಮನೆಯಲ್ಲಿದ್ದೆವು. ಅವನಿಗೆ ಯಾವುದರ ಮೇಲೂ ಅನುಮಾನವಿಲ್ಲ. ಹಾಲಿನ ಡಬ್ಬದ ಮೇಲೆ ಏನು ಬರೆದಿದೆ ಎಂದು ತಿಳಿಯದಿದ್ದರೂ ಕುಡಿದುಬಿಡುವವನು.

೧. ಹೊಗಳಿಕೆಯ ಚೀಟಿ

ಸಂಜೆ ಆಫೀಸಿನಿಂದ ಬಂದು ಅನ್ನಕ್ಕಿಟ್ಟು, ಸೀಡಿ ಪ್ಲೇಯರಿನಲ್ಲಿ ಕರ್ನಾಟಕ ಸಂಗೀತ ಹಾಕಿಕೊಂಡು ಕೂರುವುದು ನಮ್ಮಿಬ್ಬರ ರೂಢಿ. ಒಂದು ದಿನ ಬಾಗಿಲ ಸಂದಿಯಲ್ಲಿ ಅಂದವಾಗಿ ಮಡಿಸಿದ ಚೀಟಿ ಸಿಕ್ಕಿತು. ಪೂರ್ತಿ ಜಪಾನಿ ಅಕ್ಷರ. ಮರುದಿನ ಅದನ್ನು ಆಫೀಸಿಗೆ ಒಯ್ದು ಕಾಚೋ ಸಾನ್ ಕೈಗೆ ಕೊಟ್ಟೆ. ಕಾಚೋ ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಐವತ್ತು ದಾಟಿದವರು, ತೂಕದ ಮಾತಿನ ಮನುಷ್ಯ.

ಅವರು ಓದಿ ಹೇಳಿದರು. "ನಿಮ್ಮ ಕೆಳಗಿನ ಮನೆಯ ಅಜ್ಜಿ ಬರೆದಿದ್ದಾರೆ. ನಿಮ್ಮ ಮನೆ ದಿನಾಲೂ ತುಂಬಾ ಲವಲವಿಕೆಯಿಂದ ಇರುತ್ತದಂತೆ."

ಮೈಸೂರಿನವನ ಮುಖ ಅರಳಿತು. "ನೋಡು ಗುರೂ, ಎಷ್ಟ್ ಒಳ್ಳೆ ಜನ! ಹೊಗಳಿ ಲೆಟರ್ ಬರ್ದಿದಾರೆ!"

ಕಾಚೋ ಸಾನ್ ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದುಕೊಂಡರು. "ಇದು ಹೊಗಳಿಕೆ ಅಲ್ಲ. ಕಂಪ್ಲೇಂಟು."

ನನಗೆ ಈ ಕಂಪ್ಲೇಂಟು ಬಲು ದುಬಾರಿ. ಯಾಕೆಂದರೆ ನನಗೆ ಮದುವೆಯಾಗಿ ನಾಲ್ಕೇ ತಿಂಗಳು, ಹೆಂಡತಿ ಬೆಂಗಳೂರಲ್ಲಿ. ಅವಳು ಬರಬೇಕಾದರೆ ಮೈಸೂರಿನವನು ಪಕ್ಕದ ಬ್ಲಾಕಿಗೆ ಹೋಗಿ ಈ ಮನೆ ನನ್ನ ಹೆಸರಿಗಾಗಬೇಕು. ವೀಸಾಕ್ಕೆ ಮನೆಯ ಕಾಗದ ಬೇಕು, ಮನೆಯ ಕಾಗದಕ್ಕೆ ಜಾಮೀನುದಾರರಾಗಿ ಕಾಚೋ ಸಾನ್ ಮೊಹರು ಒತ್ತಬೇಕು. ಅವರು ಚೀಟಿಯನ್ನು ಮೊದಲಿದ್ದ ಹಾಗೇ ಮಡಿಸಿ ನನ್ನ ಕೈಗೇ ಕೊಟ್ಟು ಹೇಳಿದರು. "ಇನ್ನೊಂದು ಚೀಟಿ ಬಂದರೆ, ನಾನು ಮೊಹರು ಒತ್ತುವುದು ಸ್ವಲ್ಪ ಕಷ್ಟ."

ಅವರ 'ಸ್ವಲ್ಪ ಕಷ್ಟ'ಕ್ಕೆ ಏನರ್ಥವೆಂದು ನಾನು ಅಷ್ಟರಲ್ಲಿ ಕಲಿತಿದ್ದೆ. ಹಿಂದೊಮ್ಮೆ ರಜೆ ಕೇಳಿದಾಗಲೂ ಸ್ವಲ್ಪ ಕಷ್ಟ ಎಂದಿದ್ದರು. ಆ ರಜೆ ಇವತ್ತಿಗೂ ಸಿಕ್ಕಿಲ್ಲ.

೨. ಅತಿ ವಿನಯ

ಮನೆಯಲ್ಲಿ ಇನ್ನು ಸ್ಪೀಕರ್ ಬಂದ್, ಹೆಡ್‌ಫೋನೇ ಗತಿ. ಆದರೆ ಪ್ಲೇಯರಿಗೆ ಹೆಡ್‌ಫೋನಿನ ತೂತು ಒಂದೇ, ಕೇಳುವವರು ಇಬ್ಬರು. ಶನಿವಾರ ಅಕಿಹಾಬರಾಕ್ಕೆ ಹೋಗಿ, ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ತಲೆಗೊಂದರಂತೆ ಎರಡು ಹೆಡ್‌ಫೋನ್ ಆಂಪ್ಲಿಫೈಯರು ಆರಿಸಿದೆವು.

ಅಂಗಡಿಯ ಮುದುಕಪ್ಪ ನಮ್ಮನ್ನು ಕಂಡದ್ದೇ ಬಗ್ಗಿದ. ಡಬ್ಬ ತೆಗೆಯುವಾಗ ಬಗ್ಗಿದ, ಕೊಡುವಾಗ ಬಗ್ಗಿದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನಾನು ಮೈಯೆಲ್ಲ ಕಣ್ಣಾದೆ. ಅಷ್ಟು ಸಾಲದೆಂದು ಅವನೇ ಟಾರ್ಚು ಬಿಟ್ಟು, ನನ್ನ ಆಂಪ್ಲಿಫೈಯರಿನ ತಳದಲ್ಲಿದ್ದ ಕೂದಲೆಳೆಯಷ್ಟು ಗೀರನ್ನು ತೋರಿಸಿ ಸುಮಿಮಾಸೆನ್ ಎಂದು ಕ್ಷಮೆ ಕೇಳಿದ. ಚಿಕ್ಕ ಗೀರು ತೋರಿಸುವವನು ದೊಡ್ಡದನ್ನು ಮುಚ್ಚಿಡುತ್ತಾನೆ. ಹತ್ತು ನಿಮಿಷ ಹುಡುಕಿದೆ, ಸಿಗಲಿಲ್ಲ. ಅನುಮಾನ ಇನ್ನೂ ಜಾಸ್ತಿಯಾಯಿತು.

ಎರಡನ್ನೂ ಒಂದಕ್ಕೊಂದು ಜೋಡಿಸುತ್ತೇವೆ ಎಂದು ಮೈಸೂರಿನವನು ಕೈಸನ್ನೆಯಲ್ಲಿ ಹೇಳಿದ್ದೇ ತಡ, ಮುದುಕಪ್ಪ ಗಾಬರಿಯಾಗಿ ಒಂದು ಚೀಟಿಯಲ್ಲಿ ಚಿತ್ರ ಬರೆದ. ಎರಡು ಡಬ್ಬ, ನಡುವೆ ಬಾಣ. ಮೊದಲ ಡಬ್ಬದ ತಿರುಗಣೆ ಮೇಲಕ್ಕೆ, ಎರಡನೆಯದರದ್ದು ಕೆಳಕ್ಕೆ.

"ಏನಂತೆ?" ಎಂದ ಮೈಸೂರಿನವನು.

"ಇದಕ್ಕಿಂತ ದೊಡ್ಡದು ತಗೊಳ್ಳಿ ಅಂತ ಪುಸಲಾಯಿಸ್ತಿದಾನೆ. ಬಾ ನಡಿ," ಎಂದೆ. ಚೀಟಿಯನ್ನು ರಟ್ಟಿನ ಪೆಟ್ಟಿಗೆಯೊಳಕ್ಕೆ ತುರುಕಿದೆ.

ಹೊರಗೆ ಬಂದು ನೂರು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ಕೂಗು ಕೇಳಿಸಿತು. ನೋಡಿದರೆ ಮುದುಕಪ್ಪ ಏಪ್ರನ್ ಸಮೇತ ಓಡಿ ಬರುತ್ತಿದ್ದಾನೆ. "ನಡಿಯೋ, ಏನೋ ಹೊಸಾ ವರಸೆ!" ಎಂದು ಮೈಸೂರಿನವನ ಕೈಹಿಡಿದು ನಾನೂ ಓಡಿದೆ. ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ಟು ಹುಡುಕುವಷ್ಟರಲ್ಲಿ ಆ ವಯಸ್ಸಾದ ಮನುಷ್ಯ ಏದುಸಿರು ಬಿಡುತ್ತ ಬಂದು ಹಿಡಿದೇಬಿಟ್ಟ. ಅಂಗಡಿಯಲ್ಲಿ ನಾನು ಮರೆತಿದ್ದ ಕೊಡೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಮತ್ತೆ ಬಗ್ಗಿದ.

೩. ಸೊಯ್

ಜೋಡಣೆ ಸರಳವಾಗಿತ್ತು. ಪ್ಲೇಯರಿನಿಂದ ತಂತಿ ನನ್ನ ಆಂಪ್ಲಿಫೈಯರಿಗೆ. ಅದರಲ್ಲಿ ಎರಡು ತೂತು. ಒಂದಕ್ಕೆ ನನ್ನ ಹೆಡ್‌ಫೋನು, ಇನ್ನೊಂದರಿಂದ ತಂತಿ ಅವನ ಆಂಪ್ಲಿಫೈಯರಿಗೆ, ಅಲ್ಲಿಂದ ಅವನ ಕಿವಿಗೆ. ಗಿಡ್ಡ ಮೇಜಿನ ಎರಡು ಬದಿಗೆ ಚಕ್ಕಳಮಕ್ಕಳ ಹಾಕಿ ಕೂತು, ಮನೆಯಲ್ಲಿ ಪಿಟ್ಟೆನ್ನದಂತೆ ಇಬ್ಬರೂ ತಾಳ ಹಾಕುತ್ತ ಸಂಗೀತ ಕೇಳತೊಡಗಿದೆವು. ತಾಳ ಹಾಕದೆ ಸಂಗೀತ ಕೇಳುವುದು ನಮಗಿಬ್ಬರಿಗೂ ಉಪ್ಪಿಲ್ಲದ ಸಾರು.

ಕೆಲವು ದಿನ ಸುಖವಾಗಿತ್ತು. ಆಮೇಲೆ ನನಗೊಂದು ಯೋಚನೆ ಹೊಕ್ಕಿತು. ಮೈಸೂರಿನವನು ಸ್ನಾನದ ನೀರಿನಿಂದ ಹಿಡಿದು ಫ್ಯಾನಿನವರೆಗೆ ಎಲ್ಲವನ್ನೂ ಫುಲ್ ಇಡುವ ಮನುಷ್ಯ. ಅವನ ಡಬ್ಬ ನನ್ನ ಡಬ್ಬದಿಂದ ಎಳೆದುಕೊಳ್ಳುತ್ತಿದೆ. ಹೀಗೇ ಎಳೆದರೆ ನನ್ನದು ಸುಟ್ಟುಹೋಗುವುದಿಲ್ಲವೇ? ಆಗ ಯಾರಿಗೂ ಹೇಳದ್ದನ್ನು ಈಗ ಹೇಳಿಬಿಡುತ್ತೇನೆ. ಅವನು ಅಡುಗೆಮನೆಗೆ ಹೋದಾಗ ನನ್ನ ಡಬ್ಬದ ತಿರುಗಣೆಯನ್ನು ಸದ್ದಿಲ್ಲದೆ ಇಳಿಸಿದೆ. ನನಗೆ ಕೇಳುವುದು ಕಮ್ಮಿಯಾಯಿತು, ಸಹಿಸಿಕೊಂಡೆ. ಅವನಿಗೆ ಕಮ್ಮಿಯಾದಾಗ ತನ್ನ ತಿರುಗಣೆಯನ್ನು ಏರಿಸಿಕೊಂಡ. ಇನ್ನೂ ಜಾಸ್ತಿ ಎಳೆಯುತ್ತಿದ್ದಾನೆಂದು ನಾನು ಇನ್ನಷ್ಟು ಇಳಿಸಿದೆ.

ಇಳಿಸತೊಡಗಿದ ನಾಲ್ಕನೇ ದಿನ ಅವನು ಹೆಡ್‌ಫೋನು ತೆಗೆದು ಕೇಳಿದ. "ಗುರೂ, ನಿಂಗೇನಾದ್ರೂ ಸೊಯ್ ಅಂತ ಕೇಳ್ತಿದ್ಯಾ? ಒಗ್ಗರಣೆಗೆ ನೀರ್ ಬಿದ್ದಂಗೆ?"

ನನಗೇನೂ ಕೇಳುತ್ತಿರಲಿಲ್ಲ. ನನ್ನ ಒಳ್ಳೆಯ ಡಬ್ಬಕ್ಕೆ ಅದಲುಬದಲು ಮಾಡಿಕೊಳ್ಳಲು ಈ ನಾಟಕ ಆಡುತ್ತಿದ್ದಾನೆ ಎನಿಸಿತು. ಆ ದಿನದಿಂದ ಸ್ನಾನಕ್ಕೆ ಹೋಗುವಾಗ ಆಂಪ್ಲಿಫೈಯರನ್ನೂ ಟವೆಲ್ಲಿನಲ್ಲಿ ಸುತ್ತಿ ಒಯ್ಯತೊಡಗಿದೆ.

೪. ತಂಬೂರಿ

ಒಂದು ಸಂಜೆ ಅವನು ತನ್ನ ಹೆಡ್‌ಫೋನನ್ನು ನನ್ನ ಕಿವಿಗೇ ಇಟ್ಟ. ಸೊಯ್ ನಿಜ, ಅದರ ಹಿಂದೆ ಒಂದು ಗುಂಯ್ ಕೂಡ ಇತ್ತು. ಆಫೀಸಿನ ಪದ್ಧತಿಯಂತೆ ಟೆಸ್ಟ್ ಶೀಟು ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ತಂತಿ ಬದಲಿಸು, ಬರೆ. ಪ್ಲಗ್ಗು ತಿರುಗಿಸು, ಬರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂಗಡಿಯ ಮುದುಕಪ್ಪ, ಫ್ರಿಜ್ಜು, ಹಗಲೂ ರಾತ್ರಿ ತೆರೆದಿರುವ ಎದುರಿನ ಕೊಂಬಿನಿ ಅಂಗಡಿಯ ಟ್ಯೂಬ್‌ಲೈಟು, ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ನನ್ನ ತಿರುಗಣೆಯೊಂದು ಇರಲಿಲ್ಲ.

ಇಬ್ಬರ ಕಿವಿಯ ಮೇಲೂ ಹೆಡ್‌ಫೋನು.

"ಈಗ ಬಂತಾ?" ಎಂದು ನಾನು ಕಿರುಚಿದೆ.

"ಏನೂ?"

"ಬಂತಾ ಅಂದೇ!"

"ಊಟ ಆಮೇಲೆ ಮಾಡಣಾ!"

ಕೊನೆಗೆ ಕಣ್ಣು ಅವನ ಆಂಪ್ಲಿಫೈಯರಿನ ಅಡಿಗೆ ಬಿತ್ತು. ಅದು ಕೂತಿದ್ದದ್ದು ಒಂದು ದಪ್ಪ ಟ್ರಾನ್ಸ್‌ಫಾರ್ಮರಿನ ಮೇಲೆ. ಜಪಾನಿನ ಕರೆಂಟು ನೂರು ವೋಲ್ಟು, ಊರಿನಿಂದ ತಂದ ನಮ್ಮ ಮಿಕ್ಸಿಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕೆ ಹೆಚ್ಚಿಸಿ ಕೊಡುವ ಟ್ರಾನ್ಸ್‌ಫಾರ್ಮರು ಅದು. ಸದಾ ಆನ್. ಡಬ್ಬವನ್ನು ಅದರ ಮೇಲಿಂದ ಎತ್ತಿದೊಡನೆ ಗುಂಯ್ ಮಾಯ. ಸೊಯ್ ಮಾತ್ರ ಹಾಗೇ ಉಳಿಯಿತು.

"ಅಲ್ಲ ಕಣೋ, ಇಷ್ಟ್ ದಿನ ಗುಂಯ್ ಅಂತಿದ್ರೆ ಮೊದಲೇ ಹೇಳೋದಲ್ವಾ?" ಎಂದು ರೇಗಿದೆ.

ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. "ಅಯ್ಯೋ, ಅದು ತಂಬೂರಿ ಅಂದ್ಕೊಂಡಿದ್ದೆ ಗುರೂ. ಶ್ರುತಿ ಎಷ್ಟ್ ಚೆನ್ನಾಗ್ ಸೇರ್ತಿತ್ತು."

೫. ಎರಡನೇ ಚೀಟಿ

ಮರುದಿನ ಬಾಗಿಲ ಸಂದಿಯಲ್ಲಿ ಇನ್ನೊಂದು ಚೀಟಿ.

ಹೆಂಡತಿ ಆಗಲೇ ಬೆಂಗಳೂರಿನಲ್ಲಿ ಸೂಟ್‌ಕೇಸಿಗೆ ಸಾರಿನ ಪುಡಿ ತುಂಬಿ ತೂಕ ನೋಡುತ್ತಿದ್ದಳು. ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಪತ್ತೇದಾರನಂತೆ ಹೋಲಿಸಿದೆ. ಮೊದಲ ಚೀಟಿಯಲ್ಲಿ ಒಂದೇ ಸಲ ಬಂದಿದ್ದ ಒಂದು ಅಕ್ಷರ ಇದರಲ್ಲಿ ಮೂರು ಸಲ ಇತ್ತು. ಅದರ ಅರ್ಥ ಸದ್ದು ಎಂದೇ ಇರಬೇಕು. ಕಾಚೋ ಸಾನ್‌ಗೆ ತೋರಿಸಿದರೆ ಮೊಹರಿಲ್ಲ, ತೋರಿಸದಿದ್ದರೆ ಮೋಸ. ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು. ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡೆ.

ಆಫೀಸಿನಲ್ಲಿ ಕಾಚೋ ಸಾನ್ ತಾವಾಗಿಯೇ ಹೇಳಿದರು. "ಭಾನುವಾರ ನಿಮ್ಮ ಮನೆ ನೋಡಲು ಬರುತ್ತೇನೆ. ನೋಡಿ ಮೊಹರು ಒತ್ತುತ್ತೇನೆ." ಹೇಳುವಾಗ ಅವರು ನನ್ನ ಜೇಬಿನತ್ತಲೇ ನೋಡಿದಂತಾಯಿತು. ಆ ವಾರವಿಡೀ ನಾನು ಚೀಟಿಯನ್ನು ಜೇಬಿನಿಂದ ಕಾಲುಚೀಲಕ್ಕೆ ಬದಲಿಸಿಕೊಂಡೇ ಓಡಾಡಿದೆ. ಬೂಟು ಬಿಚ್ಚಿ ಮನೆಯೊಳಗೆ ಹೋದರೆ ಕಾಲುಚೀಲ ಕಾಚೋ ಸಾನ್ ಕಣ್ಣಿಗೇ ಬೀಳುತ್ತದೆಂಬುದು ಭಾನುವಾರ ಬಾಗಿಲಲ್ಲಿ ಹೊಳೆಯಿತು. ಮತ್ತೆ ಜೇಬಿಗೆ ಬಂತು.

೬. ಮೊಹರು

ಕಾಚೋ ಸಾನ್ ಒಳಗೆ ಬಂದವರು ಮನೆಯನ್ನು ನೋಡಲೇ ಇಲ್ಲ. ಎರಡು ಆಂಪ್ಲಿಫೈಯರು ಕಂಡದ್ದೇ ಮುಖ ಬೆಳಗಿತು. ಹರೆಯದಲ್ಲಿ ರೇಡಿಯೋ ಕಟ್ಟುತ್ತಿದ್ದವರಂತೆ. ಮೈಸೂರಿನವನು ಸೊಯ್ ಕಥೆ ಹೇಳಿದ. ಅವರು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೊದಲ ಡಬ್ಬ ನೋಡಿದರು, ತಿರುಗಣೆ ಪೂರ್ತಿ ಕೆಳಗೆ. ಎರಡನೆಯದು ನೋಡಿದರು, ಪೂರ್ತಿ ಮೇಲೆ. ನನ್ನದನ್ನು ಏರಿಸಿ ಅವನದನ್ನು ಇಳಿಸಿದರು. ಸೊಯ್ ನಿಂತಿತು.

"ಮೊದಲನೆಯದರಿಂದ ಪಿಸುಮಾತು ಕಳಿಸಿದರೆ ಎರಡನೆಯದು ಅದನ್ನು ಕೂಗಿ ಹೇಳಬೇಕು. ಕೂಗುವಾಗ ತನ್ನ ಗೊರಗೊರ ಸದ್ದನ್ನೂ ಸೇರಿಸುತ್ತದೆ," ಎಂದರು. ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಯೊಳಗಿಂದ ಮುದುಕಪ್ಪನ ಚೀಟಿ ಇಣುಕುತ್ತಿತ್ತು. ತೆಗೆದು ನೋಡಿ, "ಅಂಗಡಿಯವರು ಇದನ್ನೇ ಬರೆದುಕೊಟ್ಟಿದ್ದಾರಲ್ಲ. ಮೊದಲನೆಯದನ್ನು ಇಳಿಸಿದ್ದು ಯಾರು?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಕೈಗಳನ್ನೇ ನೋಡಿಕೊಂಡೆ.

"ಓಹೋ," ಎಂದ ಮೈಸೂರಿನವನು. "ಇಷ್ಟ್ ದಿನ ನಾನ್ ಕೇಳ್ತಿದ್ದಿದ್ದು ನಿನ್ ಅನುಮಾನಾನಾ?"

ನಾಚಿಕೆಯಾಯಿತು. ಸ್ನೇಹಿತನಿಗೆ ಮುಖ ತೋರಿಸಲಾಗದೆ ಹೆಡ್‌ಫೋನು ಹಾಕಿಕೊಂಡು ಕೂತೆ. ಅವನೂ ಹಾಕಿಕೊಂಡ. ಎಷ್ಟೋ ದಿನದ ಮೇಲೆ ಸಂಗೀತ ತಿಳಿಯಾಗಿ ಕೇಳಿಸಿತು. ಇಬ್ಬರೂ ಮೈಮರೆತೆವು. ಎಷ್ಟು ಹೊತ್ತಾಯಿತೋ, ಕಾಚೋ ಸಾನ್ ನನ್ನ ಭುಜ ತಟ್ಟಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ನೀವಿಬ್ಬರೂ ದಿನಾ ಹೀಗೇ ಮೇಜು ಬಡಿಯುತ್ತೀರಾ?"

ಆಗಲೇ ನಮಗೆ ಹೊಳೆದದ್ದು. ಹೆಡ್‌ಫೋನು ಹಾಕಿಕೊಂಡವನಿಗೆ ಮನೆ ನಿಶ್ಶಬ್ದ. ಆದಿತಾಳದ ಮೂರು ಏಟು, ಇಬ್ಬರ ಅಂಗೈಯಿಂದಲೂ ಒಟ್ಟಿಗೆ, ಆ ಗಿಡ್ಡ ಮೇಜಿನ ಕಾಲುಗಳ ಮೂಲಕ ನೇರವಾಗಿ ಅಜ್ಜಿಯ ಸೂರಿಗೆ ಇಳಿಯುತ್ತಿತ್ತು. ಒಂದು ಏಟು, ಬಿಡುವು, ಮತ್ತೆರಡು ಏಟು. ವಾರಗಟ್ಟಲೆ.

ನಾನು ಸೋತೆ. ಜೇಬಿನಿಂದ ಎರಡನೇ ಚೀಟಿ ತೆಗೆದು ಅವರ ಕೈಗಿಟ್ಟು ತಲೆ ತಗ್ಗಿಸಿದೆ. ಅವರು ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು.

"ಸಂಜೆ ಮೇಲಿನಿಂದ ಬರುವ ಬಡಿತಕ್ಕೆ ಸರಿಯಾಗಿ ಅವರು ಮೊಣಕಾಲಿನ ವ್ಯಾಯಾಮ ಮಾಡುತ್ತಾರಂತೆ. ಮೊದಲನೆಯದಕ್ಕೆ ಕಾಲೆತ್ತುವುದು, ಬಿಡುವಿನಲ್ಲಿ ಹಾಗೇ ಹಿಡಿದಿರುವುದು, ಉಳಿದೆರಡಕ್ಕೆ ಇಳಿಸುವುದು. ಇತ್ತೀಚೆಗೆ ಬಡಿತ ನಡುವೆಯೇ ನಿಂತು ಕೂಗಾಟ ಶುರುವಾಗುತ್ತದೆ. ಕಾಲು ಮೇಲೆಯೇ ಉಳಿದುಬಿಡುತ್ತದೆ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದ್ದಾರೆ."

ಮೈಸೂರಿನವನು ಚಪ್ಪಾಳೆ ತಟ್ಟಿದ. ನಾನು ತಟ್ಟಲಿಲ್ಲ. ಒಮ್ಮೆ ಮೋಸ ಹೋದವನು ನಾನು. "ಕಾಚೋ ಸಾನ್, ಇದು ನಿಜವಾಗಿಯೂ ಮೆಚ್ಚುಗೆಯೇ? ಅಥವಾ ಮೊದಲಿನ ಥರ ಕಂಪ್ಲೇಂಟೇ?"

ಕಾಚೋ ಸಾನ್ ಚೀಟಿಯನ್ನು ಬೆಳಕಿಗೆ ಹಿಡಿದರು. ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದರು.

"ಇದು ನನಗೂ ಗೊತ್ತಾಗುತ್ತಿಲ್ಲ," ಎಂದರು. ನನ್ನ ಅದೃಷ್ಟ, ಗೊತ್ತಾಗದಿದ್ದುದನ್ನು ಕಂಪ್ಲೇಂಟು ಎಂದು ಲೆಕ್ಕ ಹಿಡಿಯುವ ನಿಯಮ ಅಲ್ಲಿರಲಿಲ್ಲ. ಮೊಹರು ಒತ್ತಿಬಿಟ್ಟರು.

೭. ಕೆಳಗಿನವರು

ಹೆಂಡತಿ ಬಂದಳು. ಹೊಸ ವರ್ಷವೂ ಬಂತು, ಯಾವ ಕಂಪ್ಯೂಟರೂ ಹಿಂದಕ್ಕೆ ಹೋಗಲಿಲ್ಲ. ಮೈಸೂರಿನವನು ಪಕ್ಕದ ಬ್ಲಾಕಿಗೆ ಹೋಗುವಾಗ ತನ್ನ ಆಂಪ್ಲಿಫೈಯರನ್ನು ನಮಗೇ ಬಿಟ್ಟುಹೋದ. ಯಾಕೆ ಬಿಟ್ಟ ಎಂದು ಒಂದು ವಾರ ಅನುಮಾನಪಟ್ಟೆ.

ಒಂದು ಸಂಜೆ ಇಬ್ಬರೂ ಮೇಜಿನ ಎದುರುಬದುರು ಕೂತೆವು. ಅಜ್ಜಿಯ ಚೀಟಿ ಮೆಚ್ಚುಗೆಯೋ ಕಂಪ್ಲೇಂಟೋ ತಿಳಿಯದ ನಾನು ಮೇಜಿನ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದ್ದೆ. ಹೆಂಡತಿಗೆ ಇದೊಂದೂ ಗೊತ್ತಿಲ್ಲ. ಹೆಡ್‌ಫೋನು ಹಾಕಿಕೊಂಡವಳೇ, ಚಿಕ್ಕಂದಿನಿಂದ ಸಂಗೀತ ಕಲಿತವಳಲ್ಲವೇ, ಮೇಜು ಬಿಟ್ಟು ನೆಲಕ್ಕೇ ತಾಳ ಹಾಕತೊಡಗಿದಳು. ತಡೆಯಲು ನಾನು ಕೈ ಚಾಚುವಷ್ಟರಲ್ಲಿ ಕೆಳಗಿನಿಂದ ಸೂರಿಗೆ ಕೋಲಿನಲ್ಲಿ ಕುಟ್ಟಿದ ಸದ್ದು. ಡಬ್!

ಮುಗಿಯಿತು, ಮೊಹರು ಹೋಯಿತು, ಮನೆ ಹೋಯಿತು, ಬಂದವಳನ್ನು ವಾಪಸು ಕಳಿಸಬೇಕು. ಹೆಡ್‌ಫೋನು ಕಿತ್ತು ಅವಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳೂ ಹೆಡ್‌ಫೋನು ತೆಗೆದು ಕಿವಿಗೊಟ್ಟಳು. ಒಂದು ಬಿಡುವು. ಮತ್ತೆ ಡಬ್. ಡಬ್. ಆಮೇಲೆ ಸರಿಯಾಗಿ ಸಮಕ್ಕೆ ಇನ್ನೊಂದು ಡಬ್.

ಹೆಂಡತಿ ನನ್ನನ್ನೊಮ್ಮೆ, ನೆಲವನ್ನೊಮ್ಮೆ ನೋಡಿದಳು.

"ರೀ, ಕೆಳಗಡೆ ಯಾರ್ರೀ ಇರೋದು? ತಾಳ ನಿಮಗಿಂತ ಚೆನ್ನಾಗ್ ಹಾಕ್ತಾರೆ!"