ಅತ್ಯಾನ ಬೆಳ್ಳಿ ಪರೀಕ್ಷೆ

ನಮ್ಮ ಅತ್ಯಾ ಮನುಷ್ಯರನ್ನು ನಂಬುತ್ತಿರಲಿಲ್ಲ, ಅದಿರಲಿ, ಅಯಸ್ಕಾಂತವನ್ನೂ ನಂಬುತ್ತಿರಲಿಲ್ಲ! ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು. ಅವಳು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ನೆನೆದರೆ ಮೊದಲು ನಗುವೇ ಬರುತ್ತದೆ, ಏನು ಮಾಡಲಿ?

ಕಳೆದ ವರ್ಷ ನನ್ನ ಮಗಳ ನಾಮಕರಣದ ಹಿಂದಿನ ದಿನ, ಕೂಸಿನ ಕೈಗೆ ಇಡಲು ಬೆಳ್ಳಿ ನಾಣ್ಯ ಬೇಕೆಂದು ನನ್ನನ್ನು ರವಿವಾರ ಪೇಟೆಗೆ ಎಳೆದೊಯ್ದಳು. ಅವಳ ಪರೀಕ್ಷೆಯಲ್ಲಿ ಮೂರು ಅಂಗಡಿಗಳು ಆಗಲೇ ಫೇಲಾಗಿದ್ದವು. ನಾವು ನಿಂತಿದ್ದ ನಾಲ್ಕನೆಯದು ಒಂದು ಗಂಟೆಗೆ ಮುಚ್ಚುತ್ತಿತ್ತು. ಪುಣೆಯ ಅಂಗಡಿಕಾರನ ಮಧ್ಯಾಹ್ನದ ನಿದ್ದೆಗೆ ಅಡ್ಡ ಬರುವ ಧೈರ್ಯ ಯಾರಿಗಿದೆ?

ಅತ್ಯಾ ಫ್ರಿಜ್ಜಿನ ಬಾಗಿಲಿಂದ ಕಿತ್ತು ತಂದಿದ್ದ ಅಯಸ್ಕಾಂತವನ್ನು ಮೊದಲು ಅಂಗಡಿಯವನ ಕತ್ತರಿಗೆ ಹಚ್ಚಿ, ಅದು ಕೆಲಸ ಮಾಡುತ್ತದೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ನಾಣ್ಯಕ್ಕೆ ಹಿಡಿದಳು. ಅಂಟಲಿಲ್ಲ.

“ನೋಡು, ಅಸಲೀನ ಅದ. ಹೋಗೂಣು ಬಾ,” ಎಂದೆ.

“ತಾಮ್ರನೂ ಅಂಟೂದಿಲ್ಲೋ, ಶಾಣ್ಯಾ!”

ತೂಕ ಸರಿಯಾಗಿತ್ತು. ಅವಳಿಗೆ ಅದೇ ಇನ್ನೊಂದು ಅನುಮಾನ! “ಹಗುರ ಲೋಹ ಇದ್ರ ತೂಕ ಕೂಡಸ್ಲಿಕ್ಕೆ ದಪ್ಪ ಮಾಡಿರ್ತಾರ,” ಎಂದು ಅಷ್ಟೇ ತೂಕದ ತನ್ನ ಹಳೆಯ ಬೆಳ್ಳಿ ನಾಣ್ಯದ ಪಕ್ಕ ಹಿಡಿದು ಅಂಚು ಸವರಿದಳು. ದಪ್ಪವೂ ಸರಿಹೋಯಿತು.

“ಮಾವಶಿ, ಶಂಭರ ಟಕ್ಕೆ ಖರಂ ಆಹೆ!” ಎಂದು ಅಂಗಡಿಯವನು ನೂರಕ್ಕೆ ನೂರು ಅಸಲಿಯೆಂಬ ಮಾತು ಕೊಟ್ಟ. ಅತ್ಯಾ ಅವನಿಗೆ ಬರ್ಫ, ಎಂದರೆ ಮಂಜುಗಡ್ಡೆ, ಕೇಳಿದಳು. ಬಿಸಿಲಿಗೆ ಬಾಯಾರಿದೆಯೆಂದು ತಿಳಿದು ಆ ಪುಣ್ಯಾತ್ಮ ಪಕ್ಕದಿಂದ ಕಬ್ಬಿನ ರಸ ತರಿಸಿದ. ಅತ್ಯಾ ಲೋಟಕ್ಕೆ ಎರಡು ಬೆರಳು ಹಾಕಿ ಬರ್ಫ ಎತ್ತಿ ನಾಣ್ಯದ ಮೇಲಿಟ್ಟಳು; ರಸವನ್ನು ನನ್ನ ಕಡೆ ಸರಿಸಿದಳು.

“ಕುಡಿ. ಖರೇ ಬೆಳ್ಳಿ ಇದ್ರ ಬರ್ಫ ಲಗೂನ ಕರಗ್ತದ.”

ಕರಗಿತು. ನಾಣ್ಯದ ಮೇಲಿನ ಲಕ್ಷ್ಮಿ ಅಂಟಂಟಾದಳು! ಅಂಗಡಿಯವನು ಗಡಿಯಾರ ನೋಡಿದ. ಒಂದಕ್ಕೆ ಐದು ನಿಮಿಷ.

“ಇನ್ನ ಸಾಕು, ಅತ್ಯಾ.”

“ಖೊಟ್ಟಿ ಬೆಳ್ಳಿ ಕೂಸಿನ ಕೈಯಾಗ ಇಡ್ಲೇನು?”

ಉಳಿದದ್ದು ದನಿಯ ಪರೀಕ್ಷೆ. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಹಳೆಯದರಿಂದ ತಟ್ಟಿದಳು. ಕಿಣ್ಣೆಂದು ಸಣ್ಣಗೆ, ಉದ್ದಕ್ಕೆ ಕೇಳಿಸಿತು. ಅತ್ಯಾನ ಮುಖ ಕಳೆಗುಂದಿತು.

“ದನೀನ ಇಲ್ಲ. ಖೊಟ್ಟಿ.”

ಅಂಗಡಿಯವನು ನನ್ನನ್ನು ನೋಡಿದ. ನಮ್ಮ ಮಾತೆಲ್ಲ ಕೇಳಿಸುವ ಅತ್ಯಾನ ಕಿವಿಗೆ ಇಷ್ಟು ಸಣ್ಣ ದನಿ ಕೇಳಿಸುವುದು ಯಾವಾಗ ತಪ್ಪಿತೋ! ಅವನೆದುರಿಗೆ ಹೇಗೆ ಹೇಳಲಿ?

“ಅತ್ಯಾ, ನನಗ ಕೇಳಿಸ್ತು.”

ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೂ ತಿಳಿಯಿತು. ಎರಡೂ ನಾಣ್ಯಗಳನ್ನು ನನ್ನ ಕೈಗೆ ಕೊಟ್ಟಳು.

“ನೀನ ಬಾರಿಸು, ತಮ್ಮಾ. ದನಿ ನಿಂತ ಕೂಡ್ಲೆ ಹೇಳು. ಎಷ್ಟು ಉದ್ದ ಬರ್ತದ, ಅಷ್ಟು ಖರೇ.”

ತಟ್ಟಿದೆ. ದನಿ ಉದ್ದಕ್ಕೆ ಹೋಗಿ, ಸಣ್ಣದಾಗಿ, ನಿಂತಿತು. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು. ನಿಂತಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

“ಇನ್ನೂ ಬರ್ಲಿಕ್ಕತ್ತದೇನು?”

“ಹೂಂ ಅತ್ಯಾ. ಇನ್ನೂ ಅದ.”

ಅವಳು ಕಣ್ಣು ತೆರೆಯದೆಯೇ ಪರ್ಸನ್ನು ನನ್ನ ಕಡೆ ಸರಿಸಿದಳು.