ಇಪ್ಪತ್ತೈದು ಜನ ಬೇಡವೆಂದ ಹಾಡು

ನನಗೆ ಬರುವ ವಿದ್ಯೆ ಒಂದೇ, ಅದೂ ಕದ್ದದ್ದು: ಬೇರೆಯವರ ಗಂಟಲು. ಮುಳಬಾಗಿಲಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸಿ, ಮಡಿಸಿ, ಮತ್ತೆ ಬಿಚ್ಚುವುದು ನನ್ನ ಕೆಲಸ. ಗಿರಾಕಿ ಮೆಟ್ಟಿಲಿಳಿದ ಕೂಡಲೇ ಅವರ ದನಿಯಲ್ಲಿ ಮಾತಾಡಿ ಜೊತೆಯ ಮುನಿರಾಜನನ್ನು ನಗಿಸುವುದು ಸಂಬಳವಿಲ್ಲದ ಕೆಲಸ. ಮಾತಿಗೆ ಮುಂಚೆ ಕೆಮ್ಮುವ ನಮ್ಮ ಯಜಮಾನರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಬಲ್ಲೆ. ನನ್ನನ್ನೇ ಅಣಕಿಸಲು ಹೋದಾಗ ಮಾತ್ರ ನನ್ನ ದನಿ ಯಾವುದೆಂದು ನೆನಪಾಗದೆ ಸುಮ್ಮನಾಗುತ್ತೇನೆ.

ಇಂಥ ಪ್ರತಿಭೆ ಇರುವ ಜಾಗಕ್ಕೆ ಯಜಮಾನರು ಸ್ಪೀಕರ್ ತಂದು ತೂಗುಹಾಕಿದರು. ಬೆಂಗಳೂರಿನ ಯಾವುದೋ ಮಾಲಿನಲ್ಲಿ ಕೇಳಿ ಬಂದಿದ್ದರಂತೆ. "ಕ್ಹುಂ, ಹಾಡಿದ್ರೆ ಗಿರಾಕಿ ಜಾಸ್ತಿ ಹೊತ್ತು ಕೂತ್ಕೋತಾರೆ ಕಣೋ" ಎಂದರು. ನಮ್ಮ ಗಿರಾಕಿಗಳು ಹಾಡಿಲ್ಲದೆಯೇ ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಮುದ್ದೆಯವರೆಗೆ ಕೂತು, ಒಂದು ಕರ್ಚೀಫು ಕೊಂಡು ಎದ್ದು ಹೋಗುವವರು. ಇದ್ದದ್ದು ಕೊಳಲಿನಲ್ಲಿ ನುಡಿಸಿದ ಹನ್ನೆರಡು ಹಾಡು, ಮುಗಿದರೆ ಮತ್ತೆ ಮೊದಲಿನಿಂದ. ಮೂರು ತಿಂಗಳಲ್ಲಿ ಕೊಳಲಿನವನು ಎಲ್ಲೆಲ್ಲಿ ಉಸಿರೆಳೆಯುತ್ತಾನೆಂದು ನನಗೆ ಬಾಯಿಪಾಠವಾಯಿತು. ಅಲ್ಲೇ ಎಲ್ಲಾದರೂ ಅವನ ಉಸಿರು ನಿಲ್ಲಲಿ ಎಂದು ಹರಕೆಯನ್ನೂ ಹೊತ್ತೆ. ಕೊನೆಗೆ ತಡೆಯಲಾರದೆ ಯಜಮಾನರ ಮುಂದೆ ಗೊಣಗಿದಾಗ ಒಂದು ನೋಟ್‌ಬುಕ್ ಕೊಟ್ಟರು. "ಗಿರಾಕಿಗಳನ್ನ ಕೇಳು. ಇಪ್ಪತ್ತೈದು ಜನ ಬೇಡ ಅಂದ್ರೆ ತೆಗೆಸ್ತೀನಿ."

ಕೇಳಿದೆ. ಒಬ್ಬ ತಾತ, "ಹಾಡಿಗೂ ಸೇರಿಸಿ ರೇಟು ಹಾಕಿದ್ದೀರೇನಪ್ಪಾ? ನಾನು ಕಿವಿ ಮುಚ್ಕೊಂಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀಯ?" ಎಂದರು. ಒಬ್ಬರಿಗೆ ತೆಲುಗು ಹಾಡು ಬೇಕು, ಪಕ್ಕದಲ್ಲೇ ಕೂತ ಅವರ ಹೆಂಡತಿಗೆ ಕನ್ನಡದ್ದು. ಇನ್ನೊಬ್ಬರು ಒಂದು ಗಂಟೆಯಿಂದ ಕೂತಿದ್ದವರು ತಲೆಯೆತ್ತಿ, "ಓ, ಹಾಡು ಬೇರೆ ಐತಾ?" ಎಂದರು. ಇಂಥವರಿಂದ ಹಾಡು ನಿಲ್ಲುವುದಿಲ್ಲವೆಂದು ಗೊತ್ತಾಗಿ ಪ್ರಶ್ನೆಯನ್ನೇ ತಿದ್ದಿದೆ: "ಅಕ್ಕಾ, ಈ ಗಲಾಟೆಗೆ ನಿಮಗೂ ತಲೆನೋವು ಬಂತಾ?" ಆಮೇಲೆ 'ಬೇಡ' ಎಂಬ ಕಡೆ ಹೆಸರುಗಳು ಚೆನ್ನಾಗಿ ತುಂಬಿದವು. ಇಪ್ಪತ್ನಾಲ್ಕಕ್ಕೆ ಬಂದು ನಿಂತಿತು.

ಆಗ ಬಂದವರು ತಾಯಲೂರು ಕಡೆಯ ಒಬ್ಬ ಅಕ್ಕ. ಮಗಳ ಮದುವೆಯಂತೆ. ಸೀರೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಒಂದೇ: ಉಡೋದಕ್ಕಾ, ಕೊಡೋದಕ್ಕಾ? ಉಡುವ ಸೀರೆ ಮನೆಯವರಿಗೆ, ಕೊಡುವ ಸೀರೆ ಬೀಗರ ಕಡೆಯವರಿಗೆ. ಎರಡರ ಬೆಲೆಯ ವ್ಯತ್ಯಾಸ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಅಕ್ಕ ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ಕೊಡೋದಕ್ಕೆ ಕಣಪ್ಪ. ನೋಡೋಕೆ ಮಾತ್ರ ಉಡೋ ತರ ಇರ್ಲಿ. ನಾಳಿದ್ದು ಬೀಗಿತ್ತೀನ ಕರ್ಕೊಂಡು ಬರ್ತೀನಿ, ಈ ಕಡೆ ಸೀರೇನೇ ತೋರ್ಸು."

ನಾನು ತಲೆನೋವಿನ ಪ್ರಶ್ನೆ ಕೇಳಿದೆ.

"ಹಾಡಿರ್ಲಿ ಕಣಪ್ಪ" ಎಂದರು. "ಬೀಗರ ಪಕ್ಕದಲ್ಲಿ ಕೂತು ರೇಟು ಹೆಂಗೆ ಕೇಳ್ಲಿ? ಹಾಡಿದ್ರೆ ನಮ್ಮ ಮಾತು ನಮ್ಮಲ್ಲೇ ಇರತ್ತೆ."

ಅವರ ಹೆಸರನ್ನು ಇಪ್ಪತ್ತೈದನೆಯದಾಗಿ 'ಬೇಡ' ಎಂಬ ಕಡೆ ಬರೆದುಕೊಂಡೆ.

ಮಾರನೆಯ ಬೆಳಿಗ್ಗೆ ಸ್ಪೀಕರ್ ಸುಮ್ಮನಾಯಿತು. ಆಹಾ, ಎಂಥ ಶಾಂತಿ. ಅದರ ಮರುದಿನ ಕಪಾಟಿನ ಹಿಂದೆ ಮುನಿರಾಜನ ಜೊತೆ ಹೊಸ ಬಂಡಲ್ ಬಿಚ್ಚುತ್ತಿದ್ದೆ. ಮೂರು ತಿಂಗಳಿಂದ ನನ್ನ ಅಣಕವನ್ನು ಮುಚ್ಚಿದ್ದು ಆ ಕೊಳಲಿನವನೇ ಎಂಬುದು ಹೊಳೆಯಲೇ ಇಲ್ಲ. ಅವನನ್ನು ನಗಿಸಲು ಆ ಅಕ್ಕನ ದನಿ ತೆಗೆದೆ. ಅದೇ ಬಾಗು, ಅದೇ ಪಿಸುಮಾತು: "ಕೊಡೋದಕ್ಕೆ ಕಣಪ್ಪ. ನೋಡೋಕೆ ಮಾತ್ರ ಉಡೋ ತರ ಇರ್ಲಿ." ಮುನಿರಾಜ ನಗಲಿಲ್ಲ. ಕಪಾಟಿನ ಸಂದಿಯ ಕಡೆ ಕಣ್ಣು ತೋರಿಸಿದ.

ಆಚೆ ಜಮಖಾನದ ಮೇಲೆ ಆ ಅಕ್ಕ ಕೂತಿದ್ದರು. ಪಕ್ಕದಲ್ಲಿ ಆಂಧ್ರ ಗಡಿಯ ನಂಗಲಿಯ ಬೀಗಿತ್ತಿ, ತೊಡೆಯ ಮೇಲೆ ಹಸಿರು ಸೀರೆ. ಆಕೆ ಅದನ್ನು ಸವರುತ್ತಿದ್ದ ಕೈ ತೆಗೆದು, ಸೀರೆಯನ್ನು ನಿಧಾನವಾಗಿ ಕೆಳಗಿಟ್ಟು, "ಅಂಟೇ ಇದಿ ಪೆಟ್ಟುಬಡಿ ಚೀರಾ, ವದಿನಾ?" ಎಂದರು. ಕೊಡೋ ಸೀರೆಗೆ ತೆಲುಗಿನಲ್ಲೂ ಪೆಟ್ಟುಬಡಿ ಎಂಬ ಹೆಸರುಂಟು, ಅವಮಾನಕ್ಕೆ ಗಡಿಯೇನೂ ಇಲ್ಲ.

ಅಕ್ಕ ನನ್ನ ಕಡೆ ತಿರುಗಿದರು. ಕಪಾಟಿನ ಸಂದಿಯಲ್ಲಿ ನನ್ನ ಮುಖ ನೋಡಿ, "ಇದಕ್ಕೇ ಕಣಪ್ಪ ಹಾಡಿರ್ಲಿ ಅಂದಿದ್ದು" ಎಂದರು. ಆಮೇಲೆ ಉಡುವ ಸೀರೆಗಳ ಕಡೆ ಬೆರಳು ತೋರಿಸಿ ಬೀಗಿತ್ತಿಗೊಂದನ್ನು ಇಳಿಸಿಕೊಂಡರು. ದುಡ್ಡಿನ ಲೆಕ್ಕ ಸರಿದೂಗಲು ಮಗಳಿಗೆಂದು ಬದಿಗಿಟ್ಟಿದ್ದ ಸೀರೆಯನ್ನು ವಾಪಸ್ ಕೊಟ್ಟರು.

ಹಾಡು ಮತ್ತೆ ಹಾಕಿ ಎಂದು ಯಜಮಾನರ ಬಳಿ ಹೋದೆ. ಕೆಮ್ಮಿದರು. "ಇಪ್ಪತ್ತೈದು ಜನ ಬೇಡ ಅಂದಿದ್ದಾರೆ. ನಿನ್ನ ಕೈಬರಹಾನೇ ಅಲ್ವೇನೋ?"

ಈಗ ಗಿರಾಕಿ ಯಾರಾದರೂ ಬಾಗಿ ಪಿಸುಗುಟ್ಟಿದರೆ ಸಾಕು, ನಾನೇ ಸೀರೆ ಮಡಿಸುತ್ತಾ ಹಾಡುತ್ತೇನೆ. ಅದೇ ಹನ್ನೆರಡು ಹಾಡು, ಕೊಳಲಿನವನು ಉಸಿರೆಳೆಯುವ ಕಡೆಯೇ ಉಸಿರೆಳೆದು. ಮೊನ್ನೆ ಒಬ್ಬರು ಹಣೆ ಒತ್ತಿಕೊಂಡು, "ಅಯ್ಯಾ, ನಿನ್ನ ಹಾಡು ನಿಲ್ಲಿಸ್ತೀಯಾ? ತಲೆನೋವು ಬಂತು" ಎಂದರು. ನಾನು ಕೇಳದೆಯೇ ಸಿಕ್ಕಿದ ಅಭಿಪ್ರಾಯ ಅದೊಂದೇ.